ಗೇರುಸೊಪ್ಪೆಯ ನೀರು ಗಡಸೆ?

ಕಳೆದ ಬೇಸಗೆಯಲ್ಲಿ ಗೇರುಸೊಪ್ಪೆಯ ಸಮೀಪ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ತಂಗಿದ್ದೆನು. ಎರಡನೆಯ ದಿನ ಮಧ್ಯಾಹ್ನ, ನೀರನ್ನು ಶುದ್ಧಿಮಾಡುವ ಯಂತ್ರಗಳನ್ನು ಮಾರುವ ತರುಣನೊಬ್ಬನು ಬಂದನು. ಜಗುಲಿಯ ಮೇಲೆ ಎರಡು ಗಾಜಿನ ಲೋಟಗಳನ್ನಿಟ್ಟು, ಒಂದಕ್ಕೆ ಮನೆಯ ಬಾವಿಯ ನೀರನ್ನೂ ಇನ್ನೊಂದಕ್ಕೆ ತಾನು ಶೀಸೆಯಲ್ಲಿ ತಂದಿದ್ದ ಯಂತ್ರದ ನೀರನ್ನೂ ತುಂಬಿದನು. ಲೋಹದ ಕಡ್ಡಿಗಳಿದ್ದ ಒಂದು ಸಾಧನವನ್ನು ಅವುಗಳಲ್ಲಿ ಅದ್ದಿ ವಿದ್ಯುತ್ತನ್ನು ಹಾಯಿಸಿದನು. ಎರಡು ನಿಮಿಷ ಕಳೆಯುವುದರೊಳಗಾಗಿ ಬಾವಿಯ ನೀರು ಕಂದುಬಣ್ಣಕ್ಕೆ ತಿರುಗಿತು; ಮೇಲೆ ಕೆಸರಿನಂತಹ ಗಸಿ ತೇಲತೊಡಗಿತು. ಯಂತ್ರದ ನೀರು ತಿಳಿಯಾಗಿಯೇ ಇತ್ತು.

“ನೋಡಿ ಅಮ್ಮಾ, ನೀವು ದಿನಾ ಕುಡಿಯುವ ಗಡಸು ಇದು. ಇದನ್ನೇ ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗದೆ ಇರುತ್ತದೆಯೆ?” ಎಂದನು.

ಚಿಕ್ಕಮ್ಮ ನನ್ನ ಮುಖವನ್ನು ನೋಡಿದರು. ಐವತ್ತು ವರ್ಷಗಳಿಂದ ಸೇದಿ ಕುಡಿದ ಬಾವಿಯ ಮೇಲೆ ಆ ಒಂದು ಕ್ಷಣದಲ್ಲಿ ಅವರಿಗೆ ಅಪನಂಬಿಕೆ ಹುಟ್ಟಿದುದನ್ನು ನಾನು ಕಂಡೆನು. ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪನ್ನು ತರಿಸಿ, ಆ ತರುಣನ ಅನುಮತಿಯಿಂದ, ಅವನು ತಂದಿದ್ದ ತಿಳಿನೀರಿಗೇ ಹಾಕಿ ಕದಡಿದೆನು. ಮತ್ತೆ ವಿದ್ಯುತ್ತು ಹಾಯಿಸಿದಾಗ ಯಂತ್ರದ ನೀರು ಬಾವಿಯ ನೀರಿಗಿಂತಲೂ ಹೆಚ್ಚು ಕೊಳಕಾಯಿತು. ತರುಣನು ಪೆಚ್ಚಾಗಿ ನಕ್ಕನು. ಅವನ ಮೇಲೆ ನನಗೆ ಕೋಪವಿಲ್ಲ. ಅವನಿಗೆ ಹೇಳಿಕೊಟ್ಟುದನ್ನು ಅವನು ಒಪ್ಪಿಸಿದನು. ಆದರೆ ಹತ್ತನೆಯ ತರಗತಿಯಲ್ಲಿ ವಿದ್ಯುದ್ವಿಭಜನೆಯ ಪಾಠವನ್ನು ಓದಿದ ಮಗನೊಬ್ಬನು ಆ ಮನೆಯಲ್ಲಿಯೇ ಇದ್ದನು, ಅವನೂ ನನ್ನಂತೆಯೇ ಆ ಆಟವನ್ನು ನೋಡುತ್ತಿದ್ದನು, ಒಂದು ಮಾತನ್ನೂ ಆಡಲಿಲ್ಲ. ಈ ಲೇಖನ ಬರೆಯಲು ಕಾರಣ ಅದು.

ಆ ಕಡ್ಡಿಗಳು ಕಬ್ಬಿಣದವು. ನೀರಿನಲ್ಲಿ ಯಾವುದೇ ಲವಣ ಸ್ವಲ್ಪವಿದ್ದರೂ ವಿದ್ಯುತ್ತು ಹರಿಯುತ್ತದೆ. ಹರಿದಾಗ ಧನಧ್ರುವದ ಕಬ್ಬಿಣ ಕರಗಿ, ನೀರಿನೊಡನೆ ಸೇರಿ, ಕಬ್ಬಿಣದ ಹೈಡ್ರಾಕ್ಸೈಡಾಗಿ ಒತ್ತರಿಸುತ್ತದೆ. ಅದು ತುಕ್ಕಿನ ದಾಯಾದಿಯೇ ಸರಿ. ಲವಣಗಳನ್ನೆಲ್ಲ ಕಳೆದ ನೀರಿನಲ್ಲಿ ವಿದ್ಯುತ್ತು ಹರಿಯಲಾರದು, ಆದುದರಿಂದ ಕಬ್ಬಿಣವೂ ಕರಗದು. ಕೊಳೆ ಬಂದುದು ಬಾವಿಯಿಂದಲ್ಲ, ಕಡ್ಡಿಯಿಂದ. ವಾಚಕರು ಇದನ್ನು ಎರಡು ಕಬ್ಬಿಣದ ಮೊಳೆಗಳಿಂದಲೂ ಒಂಬತ್ತು ವೋಲ್ಟಿನ ಒಂದು ಬ್ಯಾಟರಿಯಿಂದಲೂ ಉಪ್ಪುನೀರಿನಲ್ಲಿ ಮಾಡಿ ನೋಡಬಹುದು. ಮನೆಯ ಗೋಡೆಯ ವಿದ್ಯುತ್ತಿನಿಂದ ಮಾತ್ರ ಎಂದಿಗೂ ಮಾಡಕೂಡದು.

ಇನ್ನು ಗಡಸುತನದ ಮಾತು. ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿದ್ದರೆ ಅದು ಗಡಸು ನೀರು. ಬೇರೆ ಯಾವ ದೋಷಕ್ಕೂ ಆ ಹೆಸರು ಸಲ್ಲದು. ಅವುಗಳ ಮೊತ್ತವನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ವಾಡಿಕೆ. ಅರುವತ್ತರ ಒಳಗಿದ್ದರೆ ಮೆದು ನೀರು. ನೂರ ಎಂಬತ್ತನ್ನು ದಾಟಿದರೆ ಬಹಳ ಗಡಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆಯು ೨೦೧೨ರ ತನ್ನ ಮಾನಕದಲ್ಲಿ ೨೦೦ ಮಿಲಿಗ್ರಾಮನ್ನು ಒಪ್ಪತಕ್ಕ ಮಿತಿಯೆಂದೂ, ಬೇರೆ ನೀರೇ ಸಿಗದಿದ್ದಲ್ಲಿ ೬೦೦ರವರೆಗೆ ಇರಬಹುದೆಂದೂ ಹೇಳಿದೆ.

ಸಾಬೂನು ಗಡಸು ನೀರಿನಲ್ಲಿ ನೊರೆ ಕೊಡುವುದಿಲ್ಲವೆಂದು ಎಲ್ಲರೂ ಓದಿರುತ್ತೀರಿ. ಎಷ್ಟು ಸಾಬೂನು ವ್ಯರ್ಥವಾಗುತ್ತದೆಂದು ಲೆಕ್ಕ ಹಾಕಿದವರು ಕಡಿಮೆ. ಒಂದು ಗ್ರಾಂ ಗಡಸು ಸುಮಾರು ಆರು ಗ್ರಾಂ ಸಾಬೂನನ್ನು ನುಂಗಿ ಬಿಳಿಯ ಜಿಡ್ಡನ್ನಾಗಿ ಮಾಡುತ್ತದೆ. ಲೀಟರಿಗೆ ೩೦೦ ಮಿಲಿಗ್ರಾಂ ಗಡಸಿರುವ ಇಪ್ಪತ್ತು ಲೀಟರಿನ ಒಂದು ಕೊಡಪಾನ ನೀರಿನಲ್ಲಿ ಆರು ಗ್ರಾಂ ಗಡಸಿದೆ. ಅಂದಮೇಲೆ, ಮೊದಲ ನೊರೆ ಕಾಣುವುದಕ್ಕೆ ಮುಂಚೆಯೇ ಮೂವತ್ತಾರು ಗ್ರಾಂ ಸಾಬೂನು ಹೋಯಿತು! ಗಡಸು ೩೦ ಮಿಲಿಗ್ರಾಂ ಇರುವಲ್ಲಿ ಹೋಗುವುದು ಮೂರೂವರೆ ಗ್ರಾಂ ಅಷ್ಟೆ. ಸಾಬೂನು ಬರುವುದಕ್ಕೆ ಮುಂಚೆ ನಮ್ಮವರು ಬಳಸುತ್ತಿದ್ದ ಸೀಗೆ, ಅಂಟುವಾಳಗಳಿಗೆ ಈ ಕಷ್ಟವಿರಲಿಲ್ಲ; ಅವುಗಳಲ್ಲಿರುವ ಸ್ಯಾಪೊನಿನ್ನುಗಳು ಕ್ಯಾಲ್ಸಿಯಮ್ಮಿನೊಡನೆ ಜಿಡ್ಡು ಕಟ್ಟುವುದಿಲ್ಲ. ಬಯಲುಸೀಮೆಯ ಗಡಸು ನೀರಿನಲ್ಲಿಯೂ ತಲೆಗೂದಲು ಹಸನಾಗಿ ತೊಳೆಯುತ್ತಿತ್ತೆಂಬುದಕ್ಕೆ ಅದೊಂದು ಕಾರಣ.

ಗೇರುಸೊಪ್ಪೆಯ ಬಾವಿ ಈ ಎರಡರಲ್ಲಿ ಯಾವ ಪಂಗಡಕ್ಕೆ ಸೇರಬೇಕು? ನೆಲವನ್ನು ನೋಡಿದರೆ ಉತ್ತರದ ಬಹುಭಾಗ ಸಿಗುತ್ತದೆ. ಹೊನ್ನಾವರದ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಘಟ್ಟದ ಬುಡಕ್ಕೆ ಬಂದಂತೆ ಇನ್ನೂ ಹೆಚ್ಚು. ಮಳೆನೀರಿನಲ್ಲಿ ಗಡಸು ಇಲ್ಲವೆಂದೇ ಹೇಳಬೇಕು. ಅದು ಇಳಿಯುವ ನೆಲವೋ, ನಾವು ಮನೆ ಕಟ್ಟಲು ಕಡಿದು ತರುವ ಚಿರೆಕಲ್ಲಿನದು. ೧೮೦೦ನೆಯ ಇಸವಿಯಿಂದ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕನನ್, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಈ ಕಲ್ಲು ಹುಟ್ಟುವ ಬಗೆಯೇ ನಮ್ಮ ಪ್ರಶ್ನೆಗೆ ಉತ್ತರ. ಲಕ್ಷಾಂತರ ವರ್ಷಗಳ ಮಳೆಯು ಮೂಲಶಿಲೆಯಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳನ್ನು ತೊಳೆದು ಕಡಲಿಗೆ ಸಾಗಿಸಿಬಿಟ್ಟಿದೆ. ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಉಳಿದು ಕೆಂಪು ಕಲ್ಲಾಗಿವೆ. ನೀರನ್ನು ಗಡಸು ಮಾಡತಕ್ಕ ಪದಾರ್ಥವೇ ಆ ಕಲ್ಲಿನಲ್ಲಿ ಇಲ್ಲದಿರುವಾಗ ಬಾವಿಗೆ ಅದು ಎಲ್ಲಿಂದ ಬರಬೇಕು? ಆದುದರಿಂದ ಚಿರೆಕಲ್ಲಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು. ಎಷ್ಟೋ ಕಡೆ ಬೇಕಾದುದಕ್ಕಿಂತ ಹೆಚ್ಚು ಮೆದುವಾಗಿ, ಸ್ವಲ್ಪ ಆಮ್ಲೀಯವಾಗಿಯೂ ಇರುತ್ತದೆ. ಕಬ್ಬಿಣದ ಕೊಳವೆಗಳು ಬೇಗ ಸವೆಯುವುದೂ, ಬಾವಿಯ ಸಿಮೆಂಟಿನ ಕಟ್ಟು ಉದುರುವುದೂ ಇದರಿಂದಲೇ. ಗುಡ್ಡದ ಒರತೆಯಿಂದ ಅಡಕೆಯ ದಬ್ಬೆಯಲ್ಲಿ ಮನೆಯ ಹಿತ್ತಲಿಗೆ ಇಳಿದು ಬರುವ ಅಬ್ಬಿಯ ನೀರಂತೂ ಮಳೆಯ ನೀರೇ ಎನ್ನಬಹುದು. ಚಿಕ್ಕಮ್ಮನ ಮನೆಯ ಬಚ್ಚಲಿನ ತಾಮ್ರದ ಹಂಡೆಗೆ ನನಗಿಂತ ಹೆಚ್ಚು ವಯಸ್ಸು. ಒಳಗೆ ಕೈಯಾಡಿಸಿ ನೋಡಿದೆನು, ಒಂದು ಪದರ ಸುಣ್ಣವೂ ಕಟ್ಟಿರಲಿಲ್ಲ.

ಇದೇ ನಾಡಿನ ಇನ್ನೊಂದು ತುದಿಯಲ್ಲಿ, ಶಹಾಬಾದ್ ಕಲ್ಲಿನ ಗಣಿಗಳಿರುವ ಕಲಬುರಗಿ ಜಿಲ್ಲೆಯಲ್ಲಿ, ನೆಲವೇ ಸುಣ್ಣದ ಕಲ್ಲು. ಇಂಗಾಲಾಮ್ಲವನ್ನು ಹೊತ್ತ ಮಳೆನೀರು ಅದನ್ನು ಬೈಕಾರ್ಬೊನೇಟಾಗಿ ಕರಗಿಸಿಕೊಂಡು ಬಾವಿಗೆ ಬರುತ್ತದೆ. ಕಾಯಿಸಿದಾಗ ಮತ್ತೆ ಸುಣ್ಣದ ಕಲ್ಲಾಗಿ ಪಾತ್ರೆಗೆ ಅಂಟುತ್ತದೆ. ನಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ನೆಲೆಸಿದವರು ಕೊಳವೆಬಾವಿಯ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ಗೊಣಗುವುದುಂಟು. ಬೇಳೆಯ ಪೆಕ್ಟಿನ್ನನ್ನು ಕ್ಯಾಲ್ಸಿಯಂ ಬಿಗಿದು ಹಿಡಿಯುವುದು ಅದಕ್ಕೆ ಕಾರಣ. ಅಂತಹ ಮನೆಗಳಿಗೆ ಹೊಂದುವ ಯಂತ್ರವನ್ನೂ ಜಾಹೀರಾತನ್ನೂ ಬದಲಾಯಿಸದೆ ಘಟ್ಟದ ಕೆಳಗೆ ತಂದು ಮಾರುವುದು ನನಗೆ ಸರಿತೋರುವುದಿಲ್ಲ.

ಹಾಗಾದರೆ ಹೊನ್ನಾವರ, ಕುಮಟೆ, ಭಟ್ಕಳಗಳ ಎಲ್ಲ ನೀರೂ ಮೆದುವೆ? ಅಲ್ಲ. ಕುಮಟಾ ತಾಲೂಕಿನ ಯಾಣದಲ್ಲಿ ಕಾಡಿನ ನಡುವೆ ನೂರಿಪ್ಪತ್ತು ಮೀಟರು ಎತ್ತರಕ್ಕೆ ನಿಂತ ಭೈರವೇಶ್ವರ ಶಿಖರ ಸುಣ್ಣದ ಕಲ್ಲಿನದು. ಮಳೆಯೇ ಅದನ್ನು ಕೊರೆದು ಆ ರೂಪವನ್ನು ಕೊಟ್ಟಿದೆ. ಕೊರೆದ ಸುಣ್ಣ ನೀರಿನಲ್ಲಿಯೇ ಹರಿದುಹೋಗಿದೆಯಲ್ಲವೆ? ಯಾಣದ ಹಳ್ಳದ ನೀರನ್ನೂ ಐದಾರು ಮೈಲಿ ಆಚೆಯ ಚಿರೆಕಲ್ಲಿನ ಬಾವಿಯ ನೀರನ್ನೂ ಒಂದೇ ಸಾಬೂನಿನಿಂದ ಹೋಲಿಸಿ ನೋಡುವುದು ಶಾಲೆಯ ಪ್ರವಾಸಕ್ಕೆ ಒಳ್ಳೆಯ ಕೆಲಸ. ಕಡಲಂಚಿನ ಮರಳಿನಲ್ಲಿ ಚಿಪ್ಪಿನ ಚೂರುಗಳಿದ್ದರೆ ಅಲ್ಲಿಯ ಬಾವಿಗೂ ಸುಣ್ಣ ಸೇರುತ್ತದೆ. ಒಂದೇ ಹಿತ್ತಲಿನಲ್ಲಿ ತೆರೆದ ಬಾವಿಯ ನೀರು ಮೆದುವಾಗಿದ್ದು, ಚಿರೆಕಲ್ಲನ್ನು ದಾಟಿ ಆಳದ ಬಂಡೆಯ ಬಿರುಕಿಗೆ ಇಳಿದ ಕೊಳವೆಬಾವಿಯ ನೀರು ಗಡಸಾಗಿರುವುದೂ ಉಂಟು. ಆ ಬಂಡೆಯ ಖನಿಜಗಳಲ್ಲಿ ಕ್ಯಾಲ್ಸಿಯಂ ಇನ್ನೂ ಉಳಿದಿದೆ.

ಆದರೆ ಈ ಭಾಗದಲ್ಲಿ ಜನರು ‘ಗಡಸು’ ಎಂದು ದೂರುವ ನೀರುಗಳಲ್ಲಿ ಹಲವು ಗಡಸೇ ಅಲ್ಲ ಎಂಬುದು ನನ್ನ ಅಭಿಪ್ರಾಯ. ಬಟ್ಟೆ ಕೆಂಪಾಗುತ್ತದೆ, ಬಕೀಟಿನ ತಳ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಚಹಾ ಕಪ್ಪಾಗುತ್ತದೆ ಎಂದರೆ ಅದು ಕಬ್ಬಿಣ. ಆಳದಲ್ಲಿ ಗಾಳಿಯ ಸಂಪರ್ಕವಿಲ್ಲದೆ ಕರಗಿದ್ದ ಕಬ್ಬಿಣ, ಮೇಲೆ ಬಂದೊಡನೆ ಆಮ್ಲಜನಕದೊಡನೆ ಸೇರಿ ಕೆಂಪಾಗಿ ಕೂರುತ್ತದೆ. ಚಹಾದ ಟ್ಯಾನಿನ್ನಿನೊಡನೆ ಸೇರಿದರೆ ಕಪ್ಪಾಗುತ್ತದೆ. ಅಡಕೆ ಬೇಯಿಸುವ ಮನೆಗಳವರು ಚೊಗರು ಕಬ್ಬಿಣಕ್ಕೆ ತಗುಲಿದಾಗ ಕಪ್ಪಾಗುವುದನ್ನು ನೋಡಿಯೇ ಇರುತ್ತಾರೆ. ಇದಕ್ಕೆ ಮದ್ದು ಗಾಳಿ ಮತ್ತು ಮರಳು: ನೀರನ್ನು ಎತ್ತರದಿಂದ ತೆಳ್ಳಗೆ ಬೀಳಿಸಿ, ಒಂದು ರಾತ್ರಿ ನಿಲ್ಲಿಸಿ, ಮರಳಿನಲ್ಲಿ ಸೋಸಿದರೆ ಬಹುಭಾಗ ಹೋಗುತ್ತದೆ. ಸಾವಿರಾರು ರೂಪಾಯಿಗಳ ಯಂತ್ರ ಬೇಕಿಲ್ಲ. ಕಬ್ಬಿಣದ ನೀರನ್ನು ನೇರವಾಗಿ ಯಂತ್ರಕ್ಕೆ ಬಿಟ್ಟರೆ ಅದರ ಪೊರೆಯೇ ಕಟ್ಟಿಕೊಳ್ಳುತ್ತದೆ.

ಎರಡನೆಯದು ಉಪ್ಪು. ಇದು ಹೆಚ್ಚು ಗಂಭೀರವಾದುದು, ಏಕೆಂದರೆ ಇದು ಹಿಂದಕ್ಕೆ ಹೋಗುವುದು ಬಹು ನಿಧಾನ. ಶರಾವತಿ, ಅಘನಾಶಿನಿ, ಭಟ್ಕಳದ ವೆಂಕಟಾಪುರ ಹೊಳೆ, ಎಲ್ಲವುಗಳ ಅಳಿವೆಗಳಲ್ಲಿಯೂ ಕಡಲು ದಿನಕ್ಕೆ ಎರಡು ಸಲ ಒಳಕ್ಕೆ ಬರುತ್ತದೆ. ಕುಮಟೆಯ ಗಜನಿಗಳಲ್ಲಿ ಉಪ್ಪನ್ನು ತಡೆಯುವ ಕಗ್ಗವೆಂಬ ಭತ್ತವನ್ನೇ ಬೆಳೆಯುವರು. ಗೋಕರ್ಣದ ಸಮೀಪದ ಸಾಣಿಕಟ್ಟೆಯಲ್ಲಿ ಅದೇ ನೀರನ್ನು ಬಿಸಿಲಿಗೆ ನಿಲ್ಲಿಸಿ ಉಪ್ಪನ್ನು ಮಾಡುವರು. ಕಡಲ ನೀರಿನಲ್ಲಿ ಸೋಡಿಯಂ ಮಾತ್ರವಲ್ಲ, ಲೀಟರಿಗೆ ಸುಮಾರು ೧,೩೦೦ ಮಿಲಿಗ್ರಾಂ ಮೆಗ್ನೀಸಿಯಮ್ಮೂ ೪೦೦ ಮಿಲಿಗ್ರಾಂ ಕ್ಯಾಲ್ಸಿಯಮ್ಮೂ ಇವೆ; ಗಡಸಿನ ಲೆಕ್ಕಕ್ಕೆ ತಂದರೆ ಆರು ಸಾವಿರಕ್ಕೂ ಮಿಕ್ಕು. ಅಳಿವೆಯ ಬಳಚುಗಳು ತಮ್ಮ ಚಿಪ್ಪನ್ನು ಕಟ್ಟುವುದು ಈ ಸುಣ್ಣದಿಂದಲೇ. ನೂರು ಕೊಡ ಬಾವಿನೀರಿಗೆ ಒಂದು ಕೊಡ ಕಡಲ ನೀರು ಸೇರಿದರೆ ಗಡಸು ಅರುವತ್ತರಷ್ಟು ಏರುತ್ತದೆ, ಕ್ಲೋರೈಡು ನೂರತೊಂಬತ್ತರಷ್ಟು ಏರುತ್ತದೆ. ಅಂದರೆ ಮೆದು ನೀರಿನ ಬಾವಿಯೊಂದು ಒಂದೆರಡು ವರ್ಷಗಳಲ್ಲಿ ಗಡಸಾಗತೊಡಗಿದರೆ, ಆ ಗಡಸನ್ನು ಕಡಲಿನ ಓಲೆಯೆಂದು ಓದಬೇಕು.

ಕಡಲ ದಂಡೆಯ ನೆಲದಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ೧೮೮೮ರಲ್ಲಿ ಹಾಲೆಂಡಿನ ಬಾಡನ್ ಗೈಬೆನ್, ಅವನಿಂದ ಸ್ವತಂತ್ರವಾಗಿ ೧೯೦೧ರಲ್ಲಿ ಜರ್ಮನಿಯ ಹರ್ಜ್‌ಬರ್ಗ್, ಇದರ ಲೆಕ್ಕವನ್ನು ಹೇಳಿದರು: ಸಮುದ್ರದ ಮಟ್ಟಕ್ಕಿಂತ ಒಂದು ಮೀಟರು ಮೇಲೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು ನಲವತ್ತು ಮೀಟರು ಸಿಹಿನೀರಿರುತ್ತದೆ. ಎರಡು ನೀರುಗಳ ಸಾಂದ್ರತೆಯ ಅಂತರ ನೂರಕ್ಕೆ ಎರಡೂವರೆಯಷ್ಟೇ ಆದುದರಿಂದ ಹೀಗಾಗುತ್ತದೆ. ಸಂತೋಷದ ಸುದ್ದಿಯಂತೆ ಕಾಣುವ ಈ ಲೆಕ್ಕದ ಇನ್ನೊಂದು ಮುಖ ಭಯಂಕರ. ಪಂಪು ಹಾಕಿ ಮೇಲಿನ ಮಟ್ಟವನ್ನು ಅರ್ಧ ಮೀಟರು ಇಳಿಸಿ ಹಾಗೆಯೇ ಇಟ್ಟರೆ, ಕೆಳಗಿನ ಉಪ್ಪು ಕ್ರಮೇಣ ಇಪ್ಪತ್ತು ಮೀಟರು ಮೇಲಕ್ಕೆ ಏರಲು ಹವಣಿಸುತ್ತದೆ. ಕೊಡ ಹಗ್ಗಗಳಿಂದ ಸೇದುತ್ತಿದ್ದ ಕಾಲದಲ್ಲಿ ಮನುಷ್ಯನ ತೋಳಿನ ಬಲವೇ ಬಾವಿಗೆ ಕಾವಲಾಗಿತ್ತು. ಇಂಥ ಬಾವಿಗೆ ಗಡಸು ತೆಗೆಯುವ ಯಂತ್ರವನ್ನು ಜೋಡಿಸಿದರೆ ಆಗುವುದೇನು? ಅದು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ಅದರ ಬದಲಿಗೆ ಸೋಡಿಯಮ್ಮನ್ನು ಬಿಡುತ್ತದೆ. ನೂರು ಮಿಲಿಗ್ರಾಂ ಗಡಸಿಗೆ ನಲವತ್ತಾರು ಮಿಲಿಗ್ರಾಂ ಸೋಡಿಯಂ. ಉಪ್ಪಾದ ನೀರಿಗೆ ಇನ್ನಷ್ಟು ಉಪ್ಪನ್ನು ಕೂಡಿಸಿದಂತಾಯಿತು! ಪೊರೆಯ ಮೂಲಕ ಒತ್ತಿ ಸೋಸುವ ಆರ್.ಓ. ಯಂತ್ರವು ಉಪ್ಪನ್ನು ತೆಗೆಯುತ್ತದೆ, ನಿಜ. ಆದರೆ ಮನೆಯ ಯಂತ್ರಗಳು ಒಂದು ಲೀಟರು ನೀರು ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರನ್ನು ಚೆಲ್ಲುತ್ತವೆ. ಬಾವಿಯ ಮಟ್ಟ ಇಳಿದುದರಿಂದ ಬಂದ ರೋಗಕ್ಕೆ, ಅದನ್ನು ಮತ್ತಷ್ಟು ಇಳಿಸುವ ಔಷಧ.

೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ಕರಗಿದ ಲವಣಗಳ ಒಟ್ಟು ಮೊತ್ತ ಲೀಟರಿಗೆ ೫೦೦ ಮಿಲಿಗ್ರಾಮಿಗಿಂತ ಕಡಿಮೆ ಇರುವಲ್ಲಿ ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ಸರಕಾರಕ್ಕೆ ನಿರ್ದೇಶಿಸಿತ್ತು. ನಿಷೇಧದ ಮಾತು ಹಾಗಿರಲಿ. ಮಳೆಯಷ್ಟೇ ಮೆದುವಾದ ಅಬ್ಬಿಯ ನೀರಿನಿಂದ ಲವಣ ತೆಗೆಯಲು ಹಣ ಕೊಡುವುದು ಬೋಳುತಲೆಗೆ ಕ್ಷೌರ ಮಾಡಿಸಿದಂತೆ ಎಂದು ನನಗನ್ನಿಸುತ್ತದೆ. ಆ ನೀರಿನ ನಿಜವಾದ ಅಪಾಯ ಬೇರೆಡೆ ಇದೆ. ಚಿರೆಕಲ್ಲು ರಂಧ್ರಮಯ. ಶೌಚದ ಗುಂಡಿ, ಕೊಟ್ಟಿಗೆಗಳ ಕೊಳೆ ಮಳೆಗಾಲದಲ್ಲಿ ಅದರ ಮೂಲಕ ಬಾವಿಗೆ ಬೇಗ ತಲುಪಬಲ್ಲುದು. ಮೆದು ನೀರೆಂದರೆ ನಿರ್ದೋಷ ನೀರೆಂದು ಅರ್ಥವಲ್ಲ. ಇದಕ್ಕೆ ಕುದಿಸುವುದೇ ಸಾಕು, ಒಲೆಯ ಮೇಲೆ ಚೆನ್ನಾಗಿ ಮರಳಬೇಕು.

ಕಿಡ್ನಿಯ ಕಲ್ಲಿನ ವಿಷಯವನ್ನು ಹೇಳದೆ ಬಿಡುವಂತಿಲ್ಲ. ಯಂತ್ರ ಮಾರುವವನ ಬ್ರಹ್ಮಾಸ್ತ್ರ ಅದೇ. ಬಹುಪಾಲು ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟಿನವು ಎಂಬುದು ನಿಜ. ಆದುದರಿಂದ ಕ್ಯಾಲ್ಸಿಯಮ್ಮಿರುವ ನೀರೇ ಕಾರಣವೆಂದು ತರ್ಕಿಸುವುದು ಸುಲಭ. ೧೯೯೩ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ತಿರುವುಮುರುವಾದ ಫಲ ಕಂಡಿತು: ಆಹಾರದಲ್ಲಿ ಹೆಚ್ಚು ಕ್ಯಾಲ್ಸಿಯಂ ಸೇವಿಸಿದವರಲ್ಲಿ ಕಲ್ಲುಗಳು ಕಡಿಮೆ. ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದು ಹೊರಹಾಕುವುದು ಕಾರಣವಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯದ ಕಾರಣಕ್ಕಾಗಿ ಗಡಸಿಗೆ ಯಾವ ಮಿತಿಯನ್ನೂ ವಿಧಿಸಿಲ್ಲ. ೧೯೫೭ರಲ್ಲಿ ಜಪಾನಿನ ಜುನ್ ಕೊಬಾಯಾಶಿ, ನದೀನೀರು ಹೆಚ್ಚು ಆಮ್ಲೀಯವಾದ ಪ್ರದೇಶಗಳಲ್ಲಿ ಮಿದುಳಿನ ರಕ್ತಸ್ರಾವದ ಸಾವುಗಳು ಹೆಚ್ಚೆಂದು ತೋರಿಸಿದ ಮೇಲೆ, ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ದೇಹಕ್ಕೆ ಉಪಕಾರಿಯೇ ಎಂಬ ಚರ್ಚೆ ಈವರೆಗೂ ನಡೆದೇ ಇದೆ. ನಮ್ಮ ಕರಾವಳಿಯ ಸೆಕೆಯಲ್ಲಿ ತೋಟದ ಕೆಲಸ ಮಾಡಿ, ಬೆವರಿದಷ್ಟು ನೀರನ್ನು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುತ್ತದೆ. ಬಾವಿಯ ನೀರಿಗೆ ಹೆದರಿ ಕಡಿಮೆ ಕುಡಿದವನಿಗೆ ಆ ಹೆದರಿಕೆಯೇ ಕಲ್ಲನ್ನು ತಂದೀತು.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಮುಖ್ಯವಾದ ಮಾತು ಇದು: ಈ ಮೂರು ತಾಲೂಕುಗಳ ಪ್ರತಿಯೊಂದು ಶಾಲೆಯಲ್ಲಿಯೂ ಊರಿನ ಬಾವಿಗಳ ಒಂದು ಲೆಕ್ಕದ ಪುಸ್ತಕವಿರಬೇಕು. ಸರಕಾರದ ಪ್ರಯೋಗಶಾಲೆಗಳಿವೆ, ೨೦೧೯ರಲ್ಲಿ ಜಲಜೀವನ ಯೋಜನೆ ಬಂದ ಮೇಲೆ ಗ್ರಾಮಪಂಚಾಯತಿಗಳಿಗೆ ಪರೀಕ್ಷೆಯ ಪೆಟ್ಟಿಗೆಗಳೂ ಬಂದಿವೆ, ಮಕ್ಕಳೇಕೆ ಮಾಡಬೇಕು ಎಂದು ಕೇಳುವವರಿದ್ದಾರೆ. ಒಂದು ದಿನದ ಪರೀಕ್ಷೆ ಆ ದಿನದ ಮಾತನ್ನು ಮಾತ್ರ ಹೇಳುತ್ತದೆ. ನಮಗೆ ಬೇಕಾದುದು ಒಂದೇ ಬಾವಿಯ ಹತ್ತು ವರ್ಷಗಳ ಮಾತು.

ಅದಕ್ಕೆ ತುರ್ತಾದ ಕಾರಣವೂ ಇದೆ. ಗೇರುಸೊಪ್ಪೆಯು ಶರಾವತಿಯ ಅಳಿವೆಯಿಂದ ಸುಮಾರು ಮೂವತ್ತು ಕಿಲೋಮೀಟರು ಒಳಗಿದೆ. ಹಿಂದೆ ಹೊನ್ನಾವರದಿಂದ ದೋಣಿಗಳು ಇಲ್ಲಿಯವರೆಗೂ ಬರುತ್ತಿದ್ದವು, ಚೆನ್ನಭೈರಾದೇವಿಯ ಕಾಲದ ಮೆಣಸು ಕಡಲಿಗಿಳಿದುದು ಈ ಹೊಳೆಯಲ್ಲಿಯೇ. ೧೯೬೪ರಲ್ಲಿ ಮೇಲೆ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. ಈ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯಲ್ಲಿಯೇ ೨೪೦ ಮೆಗಾವಾಟಿನ ವಿದ್ಯುದಾಗಾರ ಕೆಲಸ ಮಾಡತೊಡಗಿತು. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಗೆಯಲ್ಲಿಯೂ ಇಳಿದುಬರುವುದರಿಂದ ಶರಾವತಿಯ ಅಳಿವೆಯ ಉಪ್ಪು ತಗ್ಗಿದೆ, ಬಳಚುಗಳು ಕಡಿಮೆಯಾಗಿವೆ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಬರೆದಿದ್ದಾರೆ; ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಹಾಗಾಗಿಲ್ಲ. ಗೇರುಸೊಪ್ಪೆಯ ನೀರನ್ನು ಮತ್ತೆ ತಳಕಳಲೆಯ ಜಲಾಶಯಕ್ಕೆ ಎತ್ತಿ ೨,೦೦೦ ಮೆಗಾವಾಟು ವಿದ್ಯುತ್ತನ್ನು ಪಡೆಯುವ ಯೋಜನೆಯನ್ನು ಕರ್ನಾಟಕ ವಿದ್ಯುತ್ ನಿಗಮ ಹಮ್ಮಿಕೊಂಡಿದೆ. ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಮಾತೂ ೨೦೧೯ರಲ್ಲಿ ಎದ್ದು ಜನರ ಪ್ರತಿಭಟನೆಗೆ ಗುರಿಯಾಯಿತು. ಈ ಯೋಜನೆಗಳು ಒಳ್ಳೆಯವೋ ಕೆಟ್ಟವೋ ಎಂಬುದು ಬೇರೆಯ ಲೇಖನದ ವಿಷಯ. ಆದರೆ ಕೆಳಗಿಳಿಯುವ ಸಿಹಿನೀರಿನಲ್ಲಿ ಹೆಚ್ಚುಕಡಿಮೆಯಾದರೆ ಹೊಳೆಯಂಚಿನ ಬಾವಿಗಳಿಗೆ ಉಪ್ಪು ಬಂತೇ ಇಲ್ಲವೇ ಎಂಬ ವಾದ ಹುಟ್ಟುವುದಂತೂ ಖಂಡಿತ. ಒಬ್ಬರು ಬಂತೆನ್ನುವರು, ಇನ್ನೊಬ್ಬರು ಮೊದಲೇ ಇತ್ತೆನ್ನುವರು. ಆಗ ಹಳೆಯ ಅಂಕಿಗಳಿಲ್ಲದಿದ್ದರೆ ಯಾರ ಮಾತನ್ನೂ ತೂಗಲಾಗದು.

ಉಪಕರಣ ದೊಡ್ಡದೇನೂ ಬೇಡ. ೧೮೪೧ರಲ್ಲಿ ಅಬರ್ಡೀನಿನ ಥಾಮಸ್ ಕ್ಲಾರ್ಕನು ಗಡಸು ನೀರನ್ನು ಸುಣ್ಣದಿಂದಲೇ ಮೆದು ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಸಾಬೂನಿನಿಂದ ಗಡಸನ್ನು ಅಳೆಯುವ ಕ್ರಮವೂ ಅವನದೇ. ಮಳೆನೀರಿನಲ್ಲಿ ಸ್ವಲ್ಪ ನಿಜವಾದ ಸಾಬೂನನ್ನು ಕರಗಿಸಿಟ್ಟುಕೊಳ್ಳಿರಿ. ಬಟ್ಟೆ ಒಗೆಯುವ ಡಿಟರ್ಜೆಂಟ್ ಪುಡಿ ಇದಕ್ಕೆ ಬಾರದು, ಅದು ಗಡಸಿನಲ್ಲಿಯೂ ನೊರೆ ಕೊಡುತ್ತದೆ. ಒಂದೇ ಅಳತೆಯ ಸೀಸೆಗಳಲ್ಲಿ ಒಂದರಲ್ಲಿ ಮಳೆನೀರು, ಒಂದರಲ್ಲಿ ಬಾವಿನೀರು, ಇನ್ನೊಂದರಲ್ಲಿ ಕುದಿಸಿ ಆರಿಸಿ ಸೋಸಿದ ಅದೇ ಬಾವಿಯ ನೀರು. ಸಾಬೂನಿನ ದ್ರಾವಣವನ್ನು ಹನಿಹನಿಯಾಗಿ ಹಾಕಿ ಕುಲುಕುತ್ತ, ನೊರೆ ಎರಡು ಮೂರು ನಿಮಿಷ ನಿಲ್ಲುವವರೆಗೆ ಹನಿಗಳನ್ನು ಎಣಿಸಿರಿ. ಕುದಿಸಿದ ಮೇಲೆ ಹನಿಗಳು ಕಡಿಮೆಯಾದರೆ ಹೋದುದು ತಾತ್ಕಾಲಿಕ ಗಡಸು, ಸುಣ್ಣದ ಬೈಕಾರ್ಬೊನೇಟು. ಕಡಿಮೆಯಾಗದಿದ್ದರೆ ಉಳಿದುದು ಶಾಶ್ವತ ಗಡಸು, ಕಡಲಿನ ಕಡೆಯಿಂದ ಬಂದಿತೇ ಎಂದು ಸಂದೇಹಿಸತಕ್ಕದ್ದು. ಖಚಿತವಾದ ಅಂಕಿ ಬೇಕಾದರೆ ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಕುಮಟೆಯ ಬಾಳಿಗಾ ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜುಗಳ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಇ.ಡಿ.ಟಿ.ಎ. ದ್ರಾವಣದಿಂದ ಗಡಸನ್ನೂ ಬೆಳ್ಳಿಯ ನೈಟ್ರೇಟಿನಿಂದ ಕ್ಲೋರೈಡನ್ನೂ ಒಂದು ಮಧ್ಯಾಹ್ನದಲ್ಲಿ ಅಳೆದು ಕೊಡಬಲ್ಲರು. ಕೆಂಬಣ್ಣ ನೀಲಿಗೆ ತಿರುಗುವ ಆ ಕ್ಷಣವನ್ನು ಪರೀಕ್ಷೆಗಾಗಿ ಮಾತ್ರ ನೋಡಿದವರಿಗೆ, ತಮ್ಮ ಮನೆಯ ನೀರಿನಲ್ಲಿ ನೋಡುವ ರುಚಿ ಗೊತ್ತಿಲ್ಲ.

ಅಳತೆ ವರ್ಷಕ್ಕೆ ಎರಡು ಸಲ ಸಾಕು: ಮಳೆ ಬೀಳುವ ಮುಂಚೆ, ಮೇ ತಿಂಗಳ ಕೊನೆಗೆ ಒಂದು, ಬಾವಿ ತುಂಬಿದ ಮೇಲೆ ಸೆಪ್ಟೆಂಬರಿನಲ್ಲಿ ಒಂದು. ಬಾವಿಯ ಕಟ್ಟೆಯಿಂದ ನೀರಿನವರೆಗಿನ ಆಳವನ್ನು ಹಗ್ಗದಿಂದ ಅಳೆದು ಪಕ್ಕದಲ್ಲಿಯೇ ಬರೆಯಬೇಕು, ಪಂಪು ಹಾಕಿದ್ದರೆ ಅದನ್ನೂ ಬರೆಯಬೇಕು. ಚಿಕ್ಕಮ್ಮನ ಮನೆಯ ಆ ಹುಡುಗನು ಮೊದಲ ಪುಟವನ್ನು ತುಂಬಿಸಿ ನನಗೆ ಕಳುಹಿಸಿದ್ದಾನೆ. ಮಳೆನೀರಿಗೆ ನಾಲ್ಕು ಹನಿ, ಅವರ ಬಾವಿಗೆ ಆರು, ಹೊಳೆಯಂಚಿನಲ್ಲಿರುವ ಅವನ ಸ್ನೇಹಿತನ ಮನೆಯ ಬಾವಿಗೆ ಹತ್ತೊಂಬತ್ತು, ಕುದಿಸಿದ ಮೇಲೆಯೂ ಹದಿನೆಂಟು.